ಕಿವಿ ಕೇಳದ ಉಪಾಧ್ಯಾಯ: ಕಾನ್ಸ್ಟಂಟಿನ್ ತ್ಸಿಯೋಲ್ಕೋವ್‌ಸ್ಕಿ

ಶಾಲೆಯೆಂಬುದು ಬಹುಮಟ್ಟಿಗೆ ಕಿವಿಯನ್ನು ನಂಬಿ ನಡೆಯುವ ಸಂಸ್ಥೆ. ಗುರು ಹೇಳುತ್ತಾನೆ, ಶಿಷ್ಯ ಕೇಳುತ್ತಾನೆ. ವಿದ್ವಾಂಸನನ್ನು ಬಹುಶ್ರುತನೆಂದು ಕರೆಯುವ ವಾಡಿಕೆಯೇ ಇದಕ್ಕೆ ಸಾಕ್ಷಿ. ಹೆಚ್ಚು ಕೇಳಿದವನೇ ಹೆಚ್ಚು ಬಲ್ಲವನೆಂಬುದು ಆ ಪದದ ಒಳಗಿರುವ ಭಾವನೆ. ಹೀಗಿರುವಾಗ ಕೇಳುವ ಶಕ್ತಿಯನ್ನೇ ಕಳೆದುಕೊಂಡ ಮಗುವಿಗೆ ತರಗತಿಯಲ್ಲಿ ಸ್ಥಾನವೆಲ್ಲಿ ಎಂಬ ಪ್ರಶ್ನೆ ಪ್ರತಿಯೊಬ್ಬ ಶಿಕ್ಷಕನೂ ಆಲೋಚಿಸಬೇಕಾದುದಾಗಿದೆ.

ಹತ್ತೊಂಬತ್ತನೆಯ ಶತಮಾನದ ರಷ್ಯದಲ್ಲಿ ಇಂತಹ ಒಬ್ಬ ಬಾಲಕನಿದ್ದನು. ಕಿವಿಯ ದೋಷದಿಂದಾಗಿ ಪ್ರೌಢಶಾಲೆಯ ಮೂರನೆಯ ತರಗತಿಯನ್ನು ದಾಟಲೂ ಅವನಿಗೆ ಸಾಧ್ಯವಾಗಲಿಲ್ಲ. ಅದೇ ಬಾಲಕ ಬೆಳೆದು ಸುಮಾರು 40 ವರ್ಷಗಳ ಕಾಲ ಶಾಲಾ ಉಪಾಧ್ಯಾಯನಾಗಿ ದುಡಿದನು. ಮನುಷ್ಯನು ಭೂಮಿಯ ಸೆಳೆತವನ್ನು ಮೀರಿ ಆಕಾಶಕ್ಕೇರಬಹುದಾದ ಮಾರ್ಗವನ್ನು ಗಣಿತದ ಮೂಲಕ ತೋರಿಸಿಕೊಟ್ಟನು. ರಾಕೆಟ್ ವಿಜ್ಞಾನದ ಪಿತಾಮಹರಲ್ಲಿ ಒಬ್ಬರೆಂದು ಜಗತ್ತು ಗೌರವಿಸುವ ಕಾನ್ಸ್ಟಂಟಿನ್ ಎಡ್ವರ್ಡೊವಿಚ್ ತ್ಸಿಯೋಲ್ಕೋವ್‌ಸ್ಕಿ ಅವರೇ ಆ ವ್ಯಕ್ತಿ. ಅವರ ಕೀರ್ತಿಯನ್ನು ಬಲ್ಲವರು ಅನೇಕರು. ಆದರೆ ಆ ಕೀರ್ತಿಯ ಹಿಂದೆ ಇದ್ದ ನಿಶ್ಶಬ್ದದ ಬದುಕು ಎಂತಹುದು, ಅದರ ಬೆಲೆಯೇನು ಎಂಬುದನ್ನು ಅರಿತವರು ವಿರಳ.

ಬಾಲ್ಯ ಮತ್ತು ವ್ಯಾಧಿ

ತ್ಸಿಯೋಲ್ಕೋವ್‌ಸ್ಕಿ ಅವರು 1857ರ ಸೆಪ್ಟೆಂಬರ್ 17ರಂದು ರಷ್ಯದ ರಿಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಇಗ್ನಾತ್ಯೆವಿಚ್ ಪೋಲಿಷ್ ಮೂಲದವರು, ಅರಣ್ಯ ಇಲಾಖೆಯ ನೌಕರರು. ಮಿತಭಾಷಿಗಳು, ಕಠಿಣ ಸ್ವಭಾವದವರು. ತಾಯಿ ಮರಿಯಾ ಇವಾನೊವ್ನಾ ನಗುಮುಖದವರು, ಕೈಕೆಲಸದಲ್ಲಿ ನಿಪುಣರು. ಬಹುಮಕ್ಕಳ ಸಂಸಾರ, ವರಮಾನವು ಅಷ್ಟಕ್ಕಷ್ಟೆ. ಮಕ್ಕಳಿಗೆ ಓದುಬರಹದ ಮೊದಲ ಪಾಠವನ್ನು ಹೇಳಿಕೊಟ್ಟವರು ತಾಯಿಯೇ. ಬಾಲಕನಿಗೆ ಸುಮಾರು ಎಂಟು ವರ್ಷವಾಗಿದ್ದಾಗ ಆಕೆ ಒಂದು ಪುಟ್ಟ ಆಟಿಕೆಯ ಬಲೂನನ್ನು ತಂದುಕೊಟ್ಟರು. ಜಲಜನಕ ತುಂಬಿದ ಆ ಬಲೂನು ದಾರದ ತುದಿಯಲ್ಲಿ ಮೇಲಕ್ಕೇಳುವುದನ್ನು ಕಂಡ ಮಗುವಿನ ಮನಸ್ಸಿನಲ್ಲಿ ಹಾರಾಟದ ಕೌತುಕ ಅಂದೇ ನೆಲೆಗೊಂಡಿತು.

ಹತ್ತನೆಯ ವಯಸ್ಸಿನಲ್ಲಿ ಆ ಸಂತೋಷಕ್ಕೆ ಕುಠಾರಾಘಾತವಾಯಿತು. ಚಳಿಗಾಲದಲ್ಲಿ ಜಾರುಬಂಡಿಯಾಟವಾಡುತ್ತ ಶೀತ ಹಿಡಿದ ಬಾಲಕನಿಗೆ ಸ್ಕಾರ್ಲೆಟ್ ಜ್ವರ ತಗುಲಿತು. ಮೈಮೇಲೆ ಕೆಂಪು ಗುಳ್ಳೆಗಳನ್ನೆಬ್ಬಿಸಿ, ಗಂಟಲನ್ನು ಹುಣ್ಣಾಗಿಸುವ ಆ ಜ್ವರ ಅಂದಿನ ಯೂರೋಪಿನಲ್ಲಿ ಮಕ್ಕಳ ಪಾಲಿನ ಮೃತ್ಯುವಾಗಿದ್ದಿತು. ಬಾಲಕನು ಬದುಕುವ ಆಶೆಯೇ ಇರಲಿಲ್ಲ, ಹೇಗೋ ಬದುಕಿದನು. ಆದರೆ ಹಾಸಿಗೆಯಿಂದ ಎದ್ದಾಗ ಸುತ್ತಲಿನ ಲೋಕ ಮೌನವಾಗಿದ್ದಿತು. ಮನೆಯವರ ತುಟಿಗಳು ಚಲಿಸುತ್ತಿದ್ದವು. ಮಾತುಗಳು ಮಾತ್ರ ಅಸ್ಪಷ್ಟವಾದ ಗುಂಯಿಗುಟ್ಟುವಿಕೆಯಾಗಿ ಉಳಿದಿದ್ದವು.

ಇದು ಹೇಗೆ ಸಂಭವಿಸುತ್ತದೆಂಬುದನ್ನು ಸ್ವಲ್ಪ ತಿಳಿಯುವುದು ಅಗತ್ಯ. ಮೂಗು, ಗಂಟಲು ಮತ್ತು ಕಿವಿ ಮೂರು ಬೇರೆ ಬೇರೆ ಅಂಗಗಳಂತೆ ತೋರಿದರೂ ಒಳಗೆ ಅವು ಒಂದೇ ಮನೆಯ ಕೋಣೆಗಳಿದ್ದಂತೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆ. ನಡುಗಿವಿಯೊಳಗಿನ ಗಾಳಿಯ ಒತ್ತಡವನ್ನು ಹೊರಗಿನ ಒತ್ತಡಕ್ಕೆ ಸಮನಾಗಿರಿಸುವುದು ಆ ನಾಳದ ಕೆಲಸ. ಮಕ್ಕಳಲ್ಲಿ ಇದು ಚಿಕ್ಕದಾಗಿಯೂ ಹೆಚ್ಚು ಅಡ್ಡಲಾಗಿಯೂ ಇರುವುದರಿಂದ ಗಂಟಲಿನ ಸೋಂಕು ಸುಲಭವಾಗಿ ಕಿವಿಗೇರುತ್ತದೆ. ಬಿಡದ ನೆಗಡಿ, ಮೂಗಿನ ಸುತ್ತಲಿನ ಎಲುಬುಗೂಡುಗಳಾದ ಸೈನಸ್‌ಗಳ ಉರಿಯೂತ, ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡ್ ಗಂಟು ಇವೆಲ್ಲವೂ ಆ ನಾಳವನ್ನು ಮುಚ್ಚಿ ಇದೇ ಕೇಡನ್ನು ತರಬಲ್ಲವು. ನಡುಗಿವಿಯಲ್ಲಿ ಕೀವು ತುಂಬಿದಾಗ ಕಿವಿಯ ತಮಟೆ ಹರಿಯಬಹುದು. ವ್ಯಾಧಿ ಬಲಿತರೆ ಶಬ್ದದ ಕಂಪನವನ್ನು ಒಳಗಿವಿಗೆ ಸಾಗಿಸುವ ಮೂರು ಕಿರುಮೂಳೆಗಳು ಸವೆಯಬಹುದು. ಸ್ಕಾರ್ಲೆಟ್ ಜ್ವರವನ್ನು ಉಂಟುಮಾಡುವ ಸ್ಟ್ರೆಪ್ಟೊಕಾಕಸ್ ಜಾತಿಯ ರೋಗಾಣು ಈ ವಿನಾಶಕಾರ್ಯದಲ್ಲಿ ಬಹು ಕ್ರೂರವಾದುದು. 1860ರ ದಶಕದಲ್ಲಿ ವೈದ್ಯರಿಗೆ ಅದರ ಪರಿಚಯವೇ ಇರಲಿಲ್ಲ. ಅದನ್ನು ಕೊಲ್ಲಬಲ್ಲ ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಅದು ರೋಗಿಗಳ ಕೈಗೆ ಬಂದದ್ದು 1940ರ ದಶಕದಲ್ಲಿ. ಆ ಬಾಲಕನ ಕಿವಿಯನ್ನು ಉಳಿಸಬಲ್ಲ ಔಷಧಿ ಅಂದು ಭೂಮಿಯ ಮೇಲೆಲ್ಲಿಯೂ ಇರಲಿಲ್ಲ.

ಶಾಲೆ ಕೈಬಿಟ್ಟ ಬಾಲಕ

1868ರಲ್ಲಿ ಸಂಸಾರವು ವ್ಯಾತ್ಕಾ ನಗರಕ್ಕೆ ಬಂದು ನೆಲೆಸಿತು. ಮರುವರ್ಷ ಬಾಲಕನನ್ನು ತಮ್ಮನೊಂದಿಗೆ ಅಲ್ಲಿನ ಪ್ರೌಢಶಾಲೆಗೆ ಸೇರಿಸಲಾಯಿತು. ಶಿಸ್ತಿಗೆ ಹೆಸರಾದ ಶಾಲೆ ಅದು. ಗುರುಗಳು ಹೇಳಿದ್ದು ಅವನಿಗೆ ಕೇಳಿಸುತ್ತಿರಲಿಲ್ಲ; ಕೇಳಿಸಲಿಲ್ಲವೆಂದು ಹೇಳಲು ನಾಚಿಕೆ. ಕೇಳಿಸಿಕೊಳ್ಳದವನು ಉತ್ತರಿಸಲಾರನು, ಉತ್ತರಿಸದವನು ದಡ್ಡನೆನಿಸುವನು, ದಡ್ಡನೆನಿಸಿದವನು ತುಂಟನಾಗುವನು. ಈ ಮೂರು ಮೆಟ್ಟಿಲುಗಳನ್ನೂ ಬಾಲಕ ಕ್ರಮವಾಗಿ ಇಳಿದನು. ಎರಡನೆಯ ತರಗತಿಯಲ್ಲಿ ಒಮ್ಮೆ ಅನುತ್ತೀರ್ಣನಾದನು. ಚೇಷ್ಟೆಗಳಿಗಾಗಿ ಶಿಕ್ಷೆಗೂ ಗುರಿಯಾದನು. ಓಣಿಯ ಮಕ್ಕಳೂ ಅವನನ್ನು ಆಟಕ್ಕೆ ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದರು.

ಇದೇ ಅವಧಿಯಲ್ಲಿ ಅಣ್ಣನೊಬ್ಬನು ತೀರಿಕೊಂಡನು. 1870ರಲ್ಲಿ ತಾಯಿಯೂ ಅಗಲಿದರು. ಕಿವುಡು ಮಗನಿಗೆ ಲೋಕದೊಡನೆ ಉಳಿದಿದ್ದ ಅತ್ಯಂತ ಮೃದುವಾದ ಸಂಬಂಧವು ಅಂದು ಕಡಿದುಹೋಯಿತು. ಮುಂದೆ ವೃದ್ಧಾಪ್ಯದಲ್ಲಿ ತಮ್ಮ ಜೀವನವನ್ನು ಬರೆಯಲು ಕುಳಿತಾಗ ತ್ಸಿಯೋಲ್ಕೋವ್‌ಸ್ಕಿ ಅವರು ಹನ್ನೊಂದರಿಂದ ಹದಿನಾಲ್ಕರವರೆಗಿನ ವರ್ಷಗಳನ್ನು ತಮ್ಮ ಬಾಳಿನ ಅತ್ಯಂತ ಕತ್ತಲೆಯ ಕಾಲವೆಂದು ಗುರುತಿಸಿದರು. ನೆನಪಿಗೆ ತಂದುಕೊಳ್ಳಲು ಯತ್ನಿಸಿದರೂ ಆ ಕಾಲದಿಂದ ನೆನೆಯಬಹುದಾದುದು ಏನೂ ದೊರೆಯಲಿಲ್ಲ. ಮಗುವೊಂದು ಶಾಲೆಯಲ್ಲಿ ಕಳೆದ ವರ್ಷಗಳು ನೆನಪಿನಲ್ಲಿ ಹೀಗೆ ಬರಿದಾಗಿ ಉಳಿಯುವುದಕ್ಕಿಂತ ದೊಡ್ಡ ನಷ್ಟ ಇನ್ನಾವುದು? 1873ರಲ್ಲಿ ಮೂರನೆಯ ತರಗತಿಯಿಂದಲೇ ಅವರು ಶಾಲೆಯನ್ನು ಬಿಡಬೇಕಾಯಿತು. ಅಲ್ಲಿಂದ ಮುಂದೆ ಯಾವ ವಿದ್ಯಾಸಂಸ್ಥೆಯಲ್ಲಿಯೂ ಅವರು ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲಿಲ್ಲ.

ಆದರೆ ಮನೆಯಲ್ಲಿ ತಂದೆಯ ಪುಸ್ತಕಗಳಿದ್ದವು. ಪುಸ್ತಕವನ್ನು ಓದಲು ಕಿವಿ ಬೇಕಿರಲಿಲ್ಲ. ಹದಿನಾಲ್ಕು ವರ್ಷದ ಬಾಲಕ ಅಂಕಗಣಿತ, ರೇಖಾಗಣಿತ, ಭೌತಶಾಸ್ತ್ರಗಳ ಪುಸ್ತಕಗಳನ್ನು ತಾನಾಗಿಯೇ ಬಿಡಿಸಿ ಓದತೊಡಗಿದನು. ಕೋನವನ್ನಳೆಯುವ ಆಸ್ಟ್ರೋಲೇಬ್ ಎಂಬ ಉಪಕರಣದ ವರ್ಣನೆಯನ್ನು ಓದಿ ಅದನ್ನು ಕೈಯಾರೆ ಮಾಡಿಕೊಂಡನು. ಮನೆಯಿಂದ ಹೊರಗೆ ಕಾಲಿಡದೆಯೇ ಊರಿನ ಅಗ್ನಿಶಾಮಕ ಗೋಪುರದ ಕಡೆಗೆ ಅದನ್ನು ಹಿಡಿದು ದೂರವನ್ನು ಲೆಕ್ಕಹಾಕಿದಾಗ 400 ಅರ್ಶಿನ್ ಎಂದು ಬಂದಿತು. ಇಂದಿನ ಅಳತೆಯಲ್ಲಿ ಸುಮಾರು 284 ಮೀಟರ್. ಬಳಿಕ ನಡೆದುಹೋಗಿ ಅಳೆದು ನೋಡಿದನು. ಲೆಕ್ಕ ಸರಿಯಾಗಿದ್ದಿತು. ಅಂದಿನಿಂದ ಶಾಸ್ತ್ರಜ್ಞಾನದಲ್ಲಿ ಅವನ ನಂಬಿಕೆ ಎಂದೂ ಕದಲಲಿಲ್ಲ. ಯಾರ ಮಾತನ್ನೂ ಕೇಳಲಾಗದವನಿಗೆ, ಯಾರನ್ನೂ ಕೇಳದೆಯೇ ಸತ್ಯವನ್ನು ಪರೀಕ್ಷಿಸಿಕೊಳ್ಳುವ ದಾರಿ ದೊರೆತಂತಾಯಿತು.

ಮಾಸ್ಕೋದ ಗ್ರಂಥಾಲಯ

ಮಗನ ಬುದ್ಧಿಶಕ್ತಿಯನ್ನು ಗುರುತಿಸಿದ ತಂದೆ 1873ರಲ್ಲಿ ಅವನನ್ನು ಮಾಸ್ಕೋ ನಗರಕ್ಕೆ ಕಳುಹಿಸಿದರು. ಹದಿನಾರು ವರ್ಷದ ತರುಣ ತಾಂತ್ರಿಕ ಶಾಲೆಯನ್ನು ಸೇರಲಿಲ್ಲ. ಅವನಿಗೆ ಗ್ರಂಥಾಲಯವೇ ವಿಶ್ವವಿದ್ಯಾಲಯವಾಯಿತು. ಚೆರ್ತ್ಕೋವ್ ಸಾರ್ವಜನಿಕ ಗ್ರಂಥಾಲಯದಲ್ಲಿ ನಿಕೊಲಾಯ್ ಫ್ಯೋದೊರೊವ್ ಎಂಬ ಗ್ರಂಥಪಾಲಕರಿದ್ದರು. ವಿರಕ್ತನಂತೆ ಬದುಕಿ, ಸಂಬಳವನ್ನು ಬಡವರಿಗೆ ಹಂಚುತ್ತಿದ್ದ ಆ ತತ್ತ್ವಜ್ಞಾನಿ ಹರಕು ಬಟ್ಟೆಯ ಕಿವುಡು ತರುಣನನ್ನು ದೂರ ಮಾಡಲಿಲ್ಲ. ಸಾಮಾನ್ಯವಾಗಿ ಓದುಗರಿಗೆ ದೊರೆಯದ ಗ್ರಂಥಗಳನ್ನೂ ತಂದು ಮುಂದಿಟ್ಟರು.

ತಂದೆ ತಿಂಗಳಿಗೆ ಕಳುಹಿಸುತ್ತಿದ್ದುದು 10ರಿಂದ 15 ರೂಬಲ್. ತರುಣನು ಮೂರು ದಿನಗಳಿಗೊಮ್ಮೆ ಒಂಬತ್ತು ಕೊಪೆಕ್ ಬೆಲೆಯ ಕಪ್ಪು ರೊಟ್ಟಿಯನ್ನು ಕೊಳ್ಳುತ್ತಿದ್ದನು. ತಿಂಗಳ ಊಟದ ವೆಚ್ಚ 90 ಕೊಪೆಕ್, ಎಂದರೆ ಒಂದು ರೂಬಲಿಗಿಂತಲೂ ಕಡಮೆ. ಉಳಿದ ಹಣವೆಲ್ಲ ಪುಸ್ತಕ, ಪಾದರಸ, ಆಮ್ಲ ಮೊದಲಾದ ಪ್ರಯೋಗಸಾಮಗ್ರಿಗಳಿಗೆ ವಿನಿಯೋಗವಾಗುತ್ತಿತ್ತು. ಮೂರು ವರ್ಷಗಳಲ್ಲಿ ಭೌತಶಾಸ್ತ್ರ, ಉಚ್ಚ ಬೀಜಗಣಿತ, ಕಲನಶಾಸ್ತ್ರ, ಗೋಳೀಯ ತ್ರಿಕೋಣಮಿತಿಗಳನ್ನು ಅವನು ಗುರುವಿಲ್ಲದೆ ಕಲಿತನು. ಅರೆಹೊಟ್ಟೆಯ ಈ ತಪಸ್ಸಿನಿಂದ ದೇಹ ಕೃಶವಾಯಿತು. ಸುದ್ದಿ ತಿಳಿದ ತಂದೆ 1876ರಲ್ಲಿ ಅವನನ್ನು ಮನೆಗೆ ಕರೆಸಿಕೊಂಡರು.

ಉಪಾಧ್ಯಾಯ ವೃತ್ತಿ

ಊರಿಗೆ ಮರಳಿದ ತ್ಸಿಯೋಲ್ಕೋವ್‌ಸ್ಕಿ ಅವರು ಮಕ್ಕಳಿಗೆ ಮನೆಪಾಠ ಹೇಳತೊಡಗಿದರು. ಶಾಲೆಯಲ್ಲಿ ದಡ್ಡನೆನಿಸಿದ್ದವನು ಇತರರಿಗೆ ಕಠಿಣವಾದ ಗಣಿತವನ್ನು ಸುಲಭಗೊಳಿಸಿ ಹೇಳಬಲ್ಲನೆಂಬ ಹೆಸರು ಬಹುಬೇಗನೆ ಹಬ್ಬಿತು. 1879ರಲ್ಲಿ ರಿಯಾಜಾನ್ ನಗರದಲ್ಲಿ ಖಾಸಗಿ ಅಭ್ಯರ್ಥಿಯಾಗಿ ಶಿಕ್ಷಕರ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. 1880ರಲ್ಲಿ ಮಾಸ್ಕೋ ನಗರಕ್ಕೆ ನೈಋತ್ಯದಲ್ಲಿರುವ ಬೊರೊವ್‌ಸ್ಕ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಅಂಕಗಣಿತ ಮತ್ತು ರೇಖಾಗಣಿತಗಳ ಉಪಾಧ್ಯಾಯರಾಗಿ ನೇಮಕಗೊಂಡರು. ಅದೇ ವರ್ಷ, ತಾವು ಬಾಡಿಗೆಗಿದ್ದ ಮನೆಯ ಪಾದ್ರಿಯ ಮಗಳು ವಾರ್ವರಾ ಯೆವ್‌ಗ್ರಾಫೊವ್ನಾ ಅವರನ್ನು ವಿವಾಹವಾದರು.

ಕಿವಿ ಕೇಳದವನು ತರಗತಿಯನ್ನು ಹೇಗೆ ನಡೆಸಿಯಾನು? ಈ ಸಂದೇಹ ಅಂದಿನವರಿಗೂ ಬಂದಿರಲೇಬೇಕು. ತ್ಸಿಯೋಲ್ಕೋವ್‌ಸ್ಕಿ ಅವರು ತಮ್ಮ ಕೊರತೆಗೆ ತಕ್ಕಂತೆ ಬೋಧನೆಯನ್ನೇ ರೂಪಿಸಿಕೊಂಡರು. ಪ್ರಶ್ನೆ ಕೇಳಿ ಬೆದರಿಸುವುದಕ್ಕಿಂತ ವಿವರಿಸುವುದಕ್ಕೆ ಹೆಚ್ಚು ಹೊತ್ತನ್ನು ಮೀಸಲಿಟ್ಟರು. ಉತ್ತರ ಕೇಳಬೇಕಾದಾಗ ವಿದ್ಯಾರ್ಥಿಯನ್ನು ತೀರ ಸಮೀಪಕ್ಕೆ ಕರೆದು ಕಿವಿಗೊಡುತ್ತಿದ್ದರು. ಮಾತಿಗಿಂತ ಕಣ್ಣಿಗೆ ಕಾಣುವ ಪ್ರಯೋಗಗಳನ್ನು ನೆಚ್ಚಿದರು. ಕಾಗದದ ದೊಡ್ಡ ಬಲೂನಿಗೆ ಬಿಸಿಗಾಳಿ ತುಂಬಿ ಮಕ್ಕಳೆದುರು ಮೇಲಕ್ಕೆ ಬಿಡುತ್ತಿದ್ದರು. ಒಮ್ಮೆ ಅದು ದಾರ ಸುಟ್ಟು ಹಾರಿಹೋಗಿ ಊರಿನವರೊಬ್ಬರ ಮಾಡಿನ ಮೇಲೆ ಇಳಿದು ಗದ್ದಲಕ್ಕೆ ಕಾರಣವಾಯಿತು. ಮನೆಯಲ್ಲಿ ತಾವೇ ಮಾಡಿದ ವಿದ್ಯುತ್ ಯಂತ್ರದಿಂದ ಬಂದವರ ಕೂದಲನ್ನು ನಿಮಿರಿಸಿ ನಗಿಸುತ್ತಿದ್ದರು. ಇಂತಹ ಉಪಾಧ್ಯಾಯರನ್ನು ಮಕ್ಕಳು ಪ್ರೀತಿಸಿದುದರಲ್ಲಿ ಆಶ್ಚರ್ಯವಿಲ್ಲ.

ಕೇಳುವುದಕ್ಕಾಗಿ ಅವರು ಮಾಡಿಕೊಂಡ ಉಪಕರಣವೂ ಅಷ್ಟೇ ಸರಳವಾದುದು. ತಗಡನ್ನು ಕತ್ತರಿಸಿ, ಸುತ್ತಿ, ಬೆಸೆದು ಆಲಿಕೆಯಾಕಾರದ ಕಿವಿಗೊಂಬುಗಳನ್ನು ತಾವೇ ತಯಾರಿಸಿದರು. ಅಗಲವಾದ ಬಾಯಿ ಹೆಚ್ಚು ಶಬ್ದವನ್ನು ಹಿಡಿದು, ಕಿರಿದಾದ ತುದಿಯ ಮೂಲಕ ಕಿವಿಯೊಳಕ್ಕೆ ಒಟ್ಟುಗೂಡಿಸಿ ಕಳುಹಿಸುತ್ತದೆ. ಬ್ಯಾಟರಿಯಿಲ್ಲ, ತಂತಿಯಿಲ್ಲ. ಅದರ ಮಿತಿಯೂ ಸ್ಪಷ್ಟ: ಯಾರ ಕಡೆಗೆ ಕೊಂಬನ್ನು ತಿರುಗಿಸಲಾಗಿದೆಯೋ ಅವರ ಮಾತು ಮಾತ್ರ ಕೇಳಿಸುತ್ತದೆ. ಹತ್ತು ಜನರು ಕುಳಿತು ಹರಟುವ ಸಭೆಯಲ್ಲಿ ಅದು ನಿರುಪಯುಕ್ತ. ಒಬ್ಬರು ಇನ್ನೊಬ್ಬರಿಗಾಗಿ ನಿಂತು ಮಾತನಾಡುವ ತಾಳ್ಮೆ ಇದ್ದಲ್ಲಿ ಮಾತ್ರ ಅದು ಪ್ರಯೋಜನಕಾರಿ. ಆ ತಗಡಿನ ಕೊಂಬುಗಳು ಅವರು ವಾಸವಾಗಿದ್ದ ಮನೆಯ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿತವಾಗಿವೆ.

ಏಕಾಂತದ ಬೆಲೆ

ಪುಸ್ತಕ ಮತ್ತು ಛಲಗಳಿದ್ದರೆ ಕಿವುಡು ಬಾಧಿಸದೆಂದು ಭಾವಿಸುವುದು ತಪ್ಪಾದೀತು. 1881ರಲ್ಲಿ ತ್ಸಿಯೋಲ್ಕೋವ್‌ಸ್ಕಿ ಅವರು ಅನಿಲಗಳ ಚಲನೆಯನ್ನು ಕುರಿತು ಒಂದು ಸಿದ್ಧಾಂತವನ್ನು ರಚಿಸಿ, ಪೀಟರ್ಸ್‌ಬರ್ಗಿನಲ್ಲಿದ್ದ ರಷ್ಯದ ಭೌತ ಮತ್ತು ರಸಾಯನ ವಿಜ್ಞಾನ ಸಂಘಕ್ಕೆ ಕಳುಹಿಸಿದರು. ಸಿದ್ಧಾಂತ ಸರಿಯಾಗಿದ್ದಿತು. ಆದರೆ ಅದು ಸುಮಾರು 25 ವರ್ಷಗಳ ಹಿಂದೆಯೇ ಯೂರೋಪಿನಲ್ಲಿ ಸ್ಥಾಪಿತವಾಗಿದೆಯೆಂಬ ಸಂಗತಿಯನ್ನು ಸುಪ್ರಸಿದ್ಧ ರಸಾಯನವಿಜ್ಞಾನಿ ಮೆಂಡಲೀವ್ ಅವರಿಂದ ತಿಳಿಯಬೇಕಾಯಿತು. ವಿದ್ವಾಂಸರ ಗೋಷ್ಠಿಯಲ್ಲಿ ಒಂದು ಸಂಜೆ ಕುಳಿತು ಮಾತು ಕೇಳಿಸಿಕೊಳ್ಳಬಲ್ಲವನಿಗೆ ಸಹಜವಾಗಿ ಗೊತ್ತಾಗುತ್ತಿದ್ದ ವಿಷಯವದು. ಸಣ್ಣ ಊರಿನ ವಾಸ ಒಂದು ಕಡೆ, ಕಿವುಡು ಇನ್ನೊಂದು ಕಡೆ ಸೇರಿ ಅವರ ವರ್ಷಗಳ ಶ್ರಮವನ್ನು ಪುನರುಕ್ತಿಯನ್ನಾಗಿಸಿದ್ದವು.

ಆದರೂ ಸಂಘದ ಹಿರಿಯರು ಆ ಅಜ್ಞಾತ ಉಪಾಧ್ಯಾಯನ ಸ್ವತಂತ್ರಬುದ್ಧಿಯನ್ನು ಕಂಡು ನಕ್ಕು ಸುಮ್ಮನಾಗಲಿಲ್ಲ. ಅವರು ಮುಂದೆ ಕಳುಹಿಸಿದ ಪ್ರಾಣಿದೇಹದ ಯಾಂತ್ರಿಕತೆಯ ಬಗೆಗಿನ ಪ್ರಬಂಧವನ್ನು ಶರೀರವಿಜ್ಞಾನಿ ಸೆಚೆನೊವ್ ಮೆಚ್ಚಿದರು. ಸಂಘವು ಅವರನ್ನು ಸದಸ್ಯರನ್ನಾಗಿ ಆರಿಸಿತು. ಹಿರಿಯರ ಒಂದು ಪ್ರೋತ್ಸಾಹದ ಪತ್ರ ದೂರದ ಹಳ್ಳಿಯ ಶಿಕ್ಷಕನಿಗೆ ಎಷ್ಟು ಬಲ ನೀಡಬಲ್ಲದೆಂಬುದಕ್ಕೆ ಇದು ನಿದರ್ಶನವಾಗಿದೆ.

1887ರ ಏಪ್ರಿಲ್ ತಿಂಗಳಿನಲ್ಲಿ ಮಾಸ್ಕೋದಲ್ಲಿ ಲೋಹದ ವಾಯುನೌಕೆಯನ್ನು ಕುರಿತು ಉಪನ್ಯಾಸ ನೀಡಿ ಊರಿಗೆ ಹಿಂದಿರುಗಿದ ದಿನವೇ ಅವರ ಮನೆಗೆ ಬೆಂಕಿ ಬಿದ್ದಿತು. ಗ್ರಂಥಗಳು, ಹಸ್ತಪ್ರತಿಗಳು, ಮಾದರಿಗಳು ಬೂದಿಯಾದವು. ಕಿಟಕಿಯಿಂದ ಹೊರಕ್ಕೆಸೆದ ಹೊಲಿಗೆಯಂತ್ರವೊಂದೇ ಉಳಿಯಿತು. ಅದೇ ಸಮಯದಲ್ಲಿ ಕಾಯಿಲೆಯಿಂದ ಧ್ವನಿಯೂ ಬಹುಕಾಲ ಕುಗ್ಗಿಹೋಯಿತು. ಕಿವಿಯಿಲ್ಲದ ಉಪಾಧ್ಯಾಯನಿಗೆ ಬಾಯಿಯೂ ಇಲ್ಲದಂತಾಯಿತು. ಆದರೂ ಅವರು ವೃತ್ತಿಯನ್ನು ತ್ಯಜಿಸಲಿಲ್ಲ.

ಕಲುಗಾ ನಗರದ ಸಾಧನೆ

1892ರಲ್ಲಿ ಓಕಾ ನದಿಯ ದಂಡೆಯ ಕಲುಗಾ ನಗರಕ್ಕೆ ಅವರಿಗೆ ವರ್ಗವಾಯಿತು. ಬಾಳಿನ ಕೊನೆಯವರೆಗೆ ಅದೇ ಅವರ ಕರ್ಮಭೂಮಿ. 1899ರಿಂದ ಅಲ್ಲಿನ ಬಾಲಿಕಾ ವಿದ್ಯಾಲಯದಲ್ಲಿಯೂ ಭೌತಶಾಸ್ತ್ರವನ್ನು ಬೋಧಿಸಿದರು. ಹಗಲು ಪಾಠ, ಮುಂಜಾವು ಮತ್ತು ರಾತ್ರಿ ಲೆಕ್ಕ ಹಾಗೂ ಪ್ರಯೋಗ. 1897ರಲ್ಲಿ ವಸ್ತುಗಳ ಮೇಲೆ ಗಾಳಿಯ ಪ್ರತಿರೋಧವನ್ನು ಅಳೆಯುವ ಗಾಳಿಸುರಂಗವೊಂದನ್ನು ಮನೆಯಲ್ಲಿಯೇ ಕಟ್ಟಿದರು. ರಷ್ಯದ ಮೊತ್ತಮೊದಲ ಗಾಳಿಸುರಂಗಗಳಲ್ಲಿ ಅದು ಸೇರುತ್ತದೆ. ಆ ಪ್ರಯೋಗಗಳನ್ನು ಮುಂದುವರಿಸಲು ವಿಜ್ಞಾನ ಅಕಾಡೆಮಿಯು 470 ರೂಬಲ್ ಸಹಾಯಧನ ನೀಡಿತು. ದೊಡ್ಡ ಮೊತ್ತವಲ್ಲ, ಆದರೆ ದಾನವು ಸಕಾಲದಲ್ಲಿ, ಸತ್ಪಾತ್ರನಿಗೆ ಸಲ್ಲಿದಾಗ ಅದರ ಫಲವನ್ನು ಮೊತ್ತದಿಂದ ಅಳೆಯಲಾಗದು.

1903ರಲ್ಲಿ ರಷ್ಯದ ವಿಜ್ಞಾನ ಪತ್ರಿಕೆಯೊಂದರಲ್ಲಿ ಅವರ ಮಹತ್ತ್ವದ ಪ್ರಬಂಧ ಪ್ರಕಟವಾಯಿತು. ರಾಕೆಟ್ ಸಾಧನಗಳಿಂದ ವಿಶ್ವಾವಕಾಶವನ್ನು ಶೋಧಿಸುವುದು ಅದರ ವಸ್ತು. ರಾಕೆಟ್ಟು ಗಳಿಸುವ ವೇಗವು ಎರಡು ಸಂಗತಿಗಳನ್ನು ಅವಲಂಬಿಸುತ್ತದೆಂದು ಅವರು ಗಣಿತದಿಂದ ಸಾಧಿಸಿದರು: ಅನಿಲವು ಹೊರಹೊಮ್ಮುವ ವೇಗ ಒಂದು, ಇಂಧನ ತುಂಬಿದ ರಾಕೆಟ್ಟಿನ ತೂಕಕ್ಕೂ ಇಂಧನ ತೀರಿದ ರಾಕೆಟ್ಟಿನ ತೂಕಕ್ಕೂ ಇರುವ ಅನುಪಾತ ಇನ್ನೊಂದು. ಈ ಅನುಪಾತ 4 ಆಗಿದ್ದಾಗ ದೊರೆಯುವ ವೇಗವನ್ನು ಇಮ್ಮಡಿಗೊಳಿಸಬೇಕಾದರೆ ಅನುಪಾತವನ್ನು 8ಕ್ಕಲ್ಲ, 16ಕ್ಕೆ ಏರಿಸಬೇಕು. ಆದುದರಿಂದಲೇ ಅವರು ಮುಂದೆ, 1929ರಲ್ಲಿ, ಒಂದರ ಬಳಿಕ ಒಂದನ್ನು ಕಳಚುತ್ತ ಏರುವ ರಾಕೆಟ್ ಸಾಲಿನ ಕಲ್ಪನೆಯನ್ನು ವಿಸ್ತರಿಸಿ ಬರೆದರು. ದ್ರವರೂಪದ ಜಲಜನಕ ಮತ್ತು ಆಮ್ಲಜನಕಗಳನ್ನು ಇಂಧನವಾಗಿ ಬಳಸಬಹುದೆಂಬ ಸೂಚನೆಯೂ 1903ರ ಪ್ರಬಂಧದಲ್ಲಿಯೇ ಇದೆ.

ಅಂದು ಇದನ್ನು ಗಮನಿಸಿದವರು ಕೆಲವೇ ಮಂದಿ. ಕಲುಗಾದ ಜನ ಅವರನ್ನು ವಿಚಿತ್ರ ವ್ಯಕ್ತಿಯೆಂದು ಬಗೆದರು. ಪುಸ್ತಿಕೆಗಳನ್ನು ಬಹುಪಾಲು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಹಂಚುತ್ತಿದ್ದರು. ಆ ಖರ್ಚು ಶಿಕ್ಷಕನ ಸಂಬಳದಿಂದಲೇ ಹೋಗಬೇಕಿತ್ತು. ಏಳು ಮಕ್ಕಳ ಸಂಸಾರದ ಭಾರವನ್ನು ಪತ್ನಿ ವಾರ್ವರಾ ಹೊತ್ತರು. ಪತಿಯ ಕಿವುಡು ಮತ್ತು ಪತಿಯ ಧ್ಯೇಯ ಎರಡರ ಬೆಲೆಯನ್ನೂ ಆಕೆ ತೆತ್ತರೆಂಬುದನ್ನು ಮರೆಯುವುದು ನ್ಯಾಯವಲ್ಲ. 1902ರಲ್ಲಿ ಮಾಸ್ಕೋದಲ್ಲಿ ಓದುತ್ತಿದ್ದ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡುದು ಆ ಮನೆಗೆ ಬಂದೊದಗಿದ ಘೋರ ದುಃಖ. 1908ರಲ್ಲಿ ಓಕಾ ನದಿಯ ಪ್ರವಾಹ ಮನೆಯೊಳಗೆ ನುಗ್ಗಿ, ಕೂಡಿಟ್ಟಿದ್ದ ಮಾದರಿಗಳನ್ನೂ ಕಾಗದಪತ್ರಗಳನ್ನೂ ಹಾಳುಮಾಡಿತು. ಬೆಂಕಿ ಮುಗಿಸದೆ ಬಿಟ್ಟುದನ್ನು ನೀರು ಬಂದು ಕೇಳಿದಂತಾಯಿತು. ತ್ಸಿಯೋಲ್ಕೋವ್‌ಸ್ಕಿ ಅವರು ಮತ್ತೆ ಮೊದಲಿನಿಂದ ಬರೆಯತೊಡಗಿದರು.

ಪತ್ರವೇ ಕಿವಿಯಾದಾಗ

1921ರಲ್ಲಿ ಸೋವಿಯತ್ ಸರ್ಕಾರವು ಅವರಿಗೆ ಆಜೀವ ವಿಶ್ರಾಂತಿವೇತನವನ್ನು ಮಂಜೂರು ಮಾಡಿತು. ಹೊಟ್ಟೆಪಾಡಿನ ಚಿಂತೆ ನೀಗಿದ ಮೇಲೆ ಅವರ ಬರವಣಿಗೆ ಇನ್ನೂ ಹೆಚ್ಚಿತು. ದೇಶದ ನಾನಾ ಮೂಲೆಗಳಿಂದ ಯುವಕರು ಪತ್ರ ಬರೆಯತೊಡಗಿದರು. ಪತ್ರದ ಮುಂದೆ ಕಿವುಡನೂ ಕೇಳುವವನೂ ಸಮಾನರು. ಅದನ್ನು ಪುನಃ ಹೇಳಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಹಿರಿಯ ಉಪಾಧ್ಯಾಯರು ತಮಗೆ ಬಂದ ಪತ್ರಗಳಿಗೆ ಶ್ರದ್ಧೆಯಿಂದ ಉತ್ತರಿಸಿದರು, ಪುಸ್ತಿಕೆಗಳನ್ನು ಕಳುಹಿಸಿಕೊಟ್ಟರು.

ಹೀಗೆ ಬರೆದವರಲ್ಲಿ ಒಡೆಸ್ಸಾ ನಗರದ ಹದಿನೈದು ವರ್ಷದ ಶಾಲಾ ಬಾಲಕನೊಬ್ಬನಿದ್ದನು. ಅವನ ಹೆಸರು ವಾಲೆಂಟಿನ್ ಗ್ಲುಷ್ಕೊ. ಪತ್ರ ಬರೆದ ವರ್ಷ 1923. ಮುಂದೆ ಅದೇ ಬಾಲಕ ಸೋವಿಯತ್ ದೇಶದ ರಾಕೆಟ್ ಎಂಜಿನುಗಳ ಪ್ರಧಾನ ವಿನ್ಯಾಸಕಾರನಾದನು. 1961ರಲ್ಲಿ ಯೂರಿ ಗಗಾರಿನ್ ಅವರನ್ನು ಬಾಹ್ಯಾಕಾಶಕ್ಕೊಯ್ದ ರಾಕೆಟ್ಟನ್ನು ನೆಲದಿಂದ ಮೇಲೆತ್ತಿದವು ಅವನ ಸಂಸ್ಥೆ ರೂಪಿಸಿದ ಎಂಜಿನುಗಳು.

ಈ ಪತ್ರದ ಎಳೆ ಕನ್ನಡ ನಾಡಿನವರೆಗೂ ಬಂದು ಮುಟ್ಟುತ್ತದೆ. ಉಡುಪಿಯ ಬಳಿಯ ಅದಮಾರಿನವರಾದ ಪ್ರೊಫೆಸರ್ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ, ಸುಮಾರು 360 ಕಿಲೋಗ್ರಾಂ ತೂಕದ ಭಾರತದ ಪ್ರಥಮ ಉಪಗ್ರಹ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪುಸ್ತಿನ್ ಯಾರ್ ನೆಲೆಯಿಂದ ಕಾಸ್ಮೊಸ್ ರಾಕೆಟ್ಟಿನ ಮೂಲಕ ಮೇಲೇರಿತು. ಆ ರಾಕೆಟ್ಟಿನ ಮೊದಲ ಹಂತದ ಎಂಜಿನು ಕೂಡ ಗ್ಲುಷ್ಕೊ ಅವರ ಸಂಸ್ಥೆಯದೇ. ಕಿವಿ ಕೇಳದ ಶಿಕ್ಷಕರೊಬ್ಬರು ತಮಗೆ ಅಪರಿಚಿತನಾದ ಬಾಲಕನ ಪ್ರಶ್ನೆಗೆ ಉತ್ತರಿಸಿದುದರ ಫಲ ಎಷ್ಟು ದೂರ ಸಾಗಿತೆಂಬುದು ವಿಚಾರಯೋಗ್ಯ.

1932ರಲ್ಲಿ ಎಪ್ಪತ್ತೈದನೆಯ ವರ್ಧಂತಿಯ ಸಂದರ್ಭದಲ್ಲಿ ಸರ್ಕಾರವು ಅವರನ್ನು ಗೌರವಪದಕದಿಂದ ಪುರಸ್ಕರಿಸಿತು. 1935ರ ಸೆಪ್ಟೆಂಬರ್ 19ರಂದು ಕಲುಗಾದಲ್ಲಿ, ಉದರದ ಅರ್ಬುದರೋಗದಿಂದ ಅವರು ಕೊನೆಯುಸಿರೆಳೆದರು. ಮರುವರ್ಷ ಅವರ ಮನೆ ವಸ್ತುಸಂಗ್ರಹಾಲಯವಾಯಿತು. ಅವರ ಜನ್ಮಶತಾಬ್ದಿಯ ವರ್ಷವಾದ 1957ರಲ್ಲಿಯೇ ಮೊದಲ ಕೃತಕ ಉಪಗ್ರಹ ಭೂಮಿಯನ್ನು ಸುತ್ತಿತು. 1959ರಲ್ಲಿ ಸೋವಿಯತ್ ನೌಕೆಯೊಂದು ಚಂದ್ರನ ಮರೆಯ ಪಾರ್ಶ್ವದ ಚಿತ್ರ ತೆಗೆದಾಗ ಅಲ್ಲಿ ಕಂಡ ಒಂದು ದೊಡ್ಡ ಕುಳಿಗೆ ತ್ಸಿಯೋಲ್ಕೋವ್‌ಸ್ಕಿ ಎಂಬ ಹೆಸರಿಡಲಾಯಿತು.

ಈ ಜೀವನದ ಪಾಠ

ಇಂತಹ ಚರಿತ್ರೆಯನ್ನು ಓದಿದಾಗ, ಕಿವುಡೇ ಅವರನ್ನು ಮಹಾಪುರುಷರನ್ನಾಗಿ ಮಾಡಿತೆಂದು ತೀರ್ಮಾನಿಸುವುದು ಸುಲಭ. ತ್ಸಿಯೋಲ್ಕೋವ್‌ಸ್ಕಿ ಅವರೇ ತಮ್ಮ ಕಿವುಡನ್ನು ಸದಾ ತಿವಿದು ನಡೆಸಿದ ಅಂಕುಶಕ್ಕೆ ಹೋಲಿಸಿಕೊಂಡದ್ದುಂಟು. ಆದರೆ ಅದೇ ಕಿವುಡು ತಮ್ಮನ್ನು ಜನರಿಂದ ಬೇರ್ಪಡಿಸಿತೆಂದೂ, ಅವಮಾನಗಳಿಗೆ ಈಡುಮಾಡಿತೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರು ಅದನ್ನು ವರವೆಂದು ಭಾವಿಸಲಿಲ್ಲ. ಹಾಗೆ ಭಾವಿಸುವ ಅಧಿಕಾರ ಕೇಳಬಲ್ಲವರಿಗೂ ಇಲ್ಲ. ಅವರನ್ನು ಕಾಪಾಡಿದ್ದು ಕಿವುಡಲ್ಲ: ಅಕ್ಷರ ಕಲಿಸಿದ ತಾಯಿ, ಪುಸ್ತಕಗಳನ್ನಿರಿಸಿದ ತಂದೆ, ಗ್ರಂಥಾಲಯದ ಬಾಗಿಲು ತೆರೆದ ಫ್ಯೋದೊರೊವ್, ಉತ್ತರ ಬರೆದ ವಿದ್ವಾಂಸರು, ಸಂಸಾರವನ್ನು ನಡೆಸಿದ ಪತ್ನಿ, ಇವರೆಲ್ಲರ ಆಸರೆ ಮತ್ತು ಅವರ ಸ್ವಂತ ಕಾಯಕನಿಷ್ಠೆ. ಇವುಗಳಲ್ಲಿ ಒಂದೂ ದೊರೆಯದೆ ಹಿಂದಿನ ಬೆಂಚಿನಲ್ಲಿಯೇ ಕರಗಿಹೋದ ಮಕ್ಕಳ ಹೆಸರುಗಳನ್ನು ಯಾವ ಚರಿತ್ರೆಯೂ ದಾಖಲಿಸಿಲ್ಲ.

ವ್ಯಾತ್ಕಾದ ಆ ಬಾಲಕನಿಗೆ ಇಲ್ಲದಿದ್ದ ಸೌಕರ್ಯಗಳು ಇಂದಿನ ಮಗುವಿಗೆ ಇವೆ. ಕಿವಿಯ ಸೋಂಕನ್ನು ಔಷಧಿಯಿಂದ ತಡೆಯಬಹುದು, ನಡುಗಿವಿಯಲ್ಲಿ ನಿಂತ ದ್ರವವನ್ನು ಹೊರತೆಗೆಯಬಹುದು, ಹರಿದ ತಮಟೆಯನ್ನು ಶಸ್ತ್ರಕ್ರಿಯೆಯಿಂದ ಮುಚ್ಚಬಹುದು, ಶ್ರವಣಯಂತ್ರವನ್ನು ತೊಡಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪನೆಯಾದಂದಿನಿಂದ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತ ಬಂದಿದೆ. ಆದರೆ ಈ ಎಲ್ಲ ಸೌಕರ್ಯಗಳಿಗೆ ಮೊದಲು ಒಂದು ಕಣ್ಣು ಬೇಕು. ಸದಾ ನೆಗಡಿಯಿಂದ ಬಾಯಿಯಲ್ಲಿ ಉಸಿರಾಡುವ ಮಗು, ಕಿವಿ ಸೋರುವ ಮಗು, ಒಂದೇ ಕಿವಿಯನ್ನು ಮುಂದೆ ಮಾಡಿ ಕುಳಿತುಕೊಳ್ಳುವ ಮಗು, ಕರೆದರೆ ತಿರುಗದ ಮಗು, ಪಕ್ಕದವನ ಪುಸ್ತಕವನ್ನು ನೋಡಿ ಬರೆಯುವ ಮಗು ಅಲಕ್ಷ್ಯದಿಂದ ಹಾಗೆ ಮಾಡುತ್ತಿದೆಯೆಂದು ತೀರ್ಮಾನಿಸುವ ಮೊದಲು ಅದರ ಕಿವಿಯನ್ನು ಪರೀಕ್ಷಿಸಬೇಕು. ಅದನ್ನು ಮುಂದಿನ ಸಾಲಿಗೆ ಕರೆದು ಕೂರಿಸಲು, ಮುಖವನ್ನು ಅದರತ್ತ ತಿರುಗಿಸಿ ನಿಧಾನವಾಗಿ ಮಾತನಾಡಲು, ಹೇಳಿದುದನ್ನು ಹಲಗೆಯ ಮೇಲೆ ಬರೆಯಲು ಯಾವ ವೆಚ್ಚವೂ ತಗುಲುವುದಿಲ್ಲ. ವೆಚ್ಚ ತಗುಲುವ ಪರೀಕ್ಷೆ ಮತ್ತು ಯಂತ್ರಗಳಿಗೆ ಕೈನೀಡುವುದು ಉದಾರಿಗಳಾದ ದಾನಿಗಳಿಗೆ ಸಲ್ಲುವ ಪುಣ್ಯಕಾರ್ಯ.

ಸ್ವತಃ ಕೇಳಲಾರದ ತ್ಸಿಯೋಲ್ಕೋವ್‌ಸ್ಕಿ ಅವರು ತರಗತಿಯಲ್ಲಿ ಮಕ್ಕಳನ್ನು ಹತ್ತಿರಕ್ಕೆ ಕರೆದು ಅವರ ಮಾತಿಗೆ ಕಿವಿಗೊಟ್ಟರು. ಕೇಳಬಲ್ಲ ಗುರುಗಳು ಅಷ್ಟನ್ನು ಮಾಡಿದರೆ ಯಾವ ಮಗುವೂ ಶಾಲೆಯಲ್ಲಿ ಕಳೆದ ವರ್ಷಗಳನ್ನು ಬರಿದೆಂದು ನೆನೆಯಬೇಕಾಗಿ ಬರುವುದಿಲ್ಲ.